ಗಾಯ ನಿಜ, ಕಥೆ?

2020ರ ಮೇ 27ರಂದು ಕೇರಳದ ಪಾಲಕ್ಕಾಡ್ ಜಿಲ್ಲೆಯ ವೆಳ್ಳಿಯಾರ್ ಹೊಳೆಯಲ್ಲಿ ಒಂದು ಹೆಣ್ಣಾನೆ ಸತ್ತಿತು. ಬಾಯಿಯೂ ಸೊಂಡಿಲೂ ನೀರಿನೊಳಗಿದ್ದವು. ದಡಕ್ಕೆ ತರಲು ಅರಣ್ಯ ಇಲಾಖೆ ಎರಡು ಕುಮ್ಕಿ ಆನೆಗಳನ್ನು ಕರೆಸಿತ್ತು, ಉಪಯೋಗವಾಗಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆಯಲ್ಲಿ ಮರಿ ಇದ್ದದ್ದು ತಿಳಿಯಿತು. ಅಲ್ಲಿದ್ದ ಅರಣ್ಯ ಅಧಿಕಾರಿಯೊಬ್ಬರು ಸಂಕಟ ತಡೆಯಲಾರದೆ ಫೇಸ್‌ಬುಕ್ಕಿನಲ್ಲಿ ಬರೆದರು. ಲಾಕ್‌ಡೌನಿನಲ್ಲಿ ಮನೆ ಹಿಡಿದು ಕೂತಿದ್ದ ದೇಶಕ್ಕೆಲ್ಲ ಅದು ಒಂದು ವಾರದೊಳಗೆ ಮುಟ್ಟಿತು. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುವ ಹೊತ್ತಿಗೆ ಅದರ ರೂಪ ಹೀಗಿತ್ತು: ಹಸಿದು ಊರಿಗೆ ಬಂದ ಗರ್ಭಿಣಿ ಆನೆಗೆ ಮಲಪ್ಪುರಂನ ಜನ ಪಟಾಕಿ ತುಂಬಿದ ಅನಾನಸ್ ತಿನ್ನಿಸಿ ಕೊಂದರು.

ಪ್ರಾಣಿಹಿಂಸೆಯ ಸುದ್ದಿಗಳನ್ನು ನಾವು ಹೇಗೆ ನಂಬುತ್ತೇವೆ, ಹೇಗೆ ತಳ್ಳಿಹಾಕುತ್ತೇವೆ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ವಾಕ್ಯ ಸಿಗದು. ಆನೆ ನಿಜ, ಗರ್ಭ ನಿಜ, ಸ್ಫೋಟದಿಂದ ಛಿದ್ರವಾದ ಬಾಯಿ ನಿಜ. ಊರು ಮಾತ್ರ ತಪ್ಪು, ಅದು ಪಾಲಕ್ಕಾಡಿನ ಮಣ್ಣಾರ್ಕಾಡ್ ಅರಣ್ಯ ವಿಭಾಗ. ಹಣ್ಣಿನ ಬಗ್ಗೆಯೂ ಅನುಮಾನ. ಜೂನ್ ಮೊದಲ ವಾರ ಬಂಧಿತನಾದ ವ್ಯಕ್ತಿ ತೆಂಗಿನಕಾಯಿಯಲ್ಲಿ ಸಿಡಿಮದ್ದು ಇಟ್ಟಿದ್ದಾಗಿ ಹೇಳಿದನೆಂದು ವರದಿಯಾಯಿತು. ಇನ್ನು ಜನ ಆನೆಗೆ ಕೈಯಾರೆ ತಿನ್ನಿಸಿದರು ಎಂಬ ಭಾಗ. ಅದನ್ನು ಕಂಡವರು ಯಾರು? ಮರಣೋತ್ತರ ವರದಿಯ ಪ್ರಕಾರ ಬಾಯಿಯ ಗಾಯ ಕೊಳೆತು, ಸುಮಾರು ಎರಡು ವಾರ ತಿನ್ನಲೂ ಆಗದೆ ಕುಡಿಯಲೂ ಆಗದೆ ಆನೆ ಸೊರಗಿತ್ತು. ಕೊನೆಗೆ ನಿತ್ರಾಣವಾಗಿ ನೀರಿನಲ್ಲಿ ಕುಸಿದು, ಶ್ವಾಸಕೋಶಕ್ಕೆ ನೀರು ನುಗ್ಗಿ ಸತ್ತಿತು. ಎರಡು ವಾರದಲ್ಲಿ ಕಾಡಾನೆ ಎಷ್ಟು ದೂರ ಸುತ್ತಬಲ್ಲದು ಎಂಬುದನ್ನು ಕಾಡಂಚಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಹೊಳೆಯಲ್ಲಿ ಆನೆಯನ್ನು ಕಂಡವರು ಸ್ಫೋಟವನ್ನು ಕಂಡಿರಲಿಲ್ಲ. ಸ್ಫೋಟಕ್ಕೇ ಸಾಕ್ಷಿಯಿಲ್ಲದ ಮೇಲೆ, ಹಣ್ಣು ಕೊಟ್ಟವರ ಮುಖದಲ್ಲಿ ನಗುವಿತ್ತೆಂದು ಬರೆದವರಿಗೆ ಅದು ತಿಳಿದದ್ದಾದರೂ ಎಲ್ಲಿಂದ?

ಹಂದಿ ಕಾಟಕ್ಕೆಂದು ಇಟ್ಟಿದ್ದ ಸಿಡಿಮದ್ದನ್ನು ಆನೆ ಅಕಸ್ಮಾತ್ತಾಗಿ ಕಚ್ಚಿರಬಹುದು ಎಂದು ಪ್ರಾಥಮಿಕ ತನಿಖೆ ಸೂಚಿಸಿತು. ಕೇಂದ್ರ ಪರಿಸರ ಸಚಿವಾಲಯವೇ ಇದನ್ನು ಹೇಳಿ, ವದಂತಿ ನಂಬಬೇಡಿ ಎಂದು ಕೇಳಿಕೊಂಡಿತು. ಅಷ್ಟರಲ್ಲಿ ಮಾಜಿ ಕೇಂದ್ರ ಸಚಿವೆ ಮೇನಕಾ ಗಾಂಧಿ ಮಲಪ್ಪುರಂ ಜಿಲ್ಲೆಯನ್ನೇ ಹೆಸರಿಸಿ ದೂರಿಯಾಗಿತ್ತು. ಮುಸ್ಲಿಮರು ಹೆಚ್ಚಿರುವ ಜಿಲ್ಲೆ ಅದು. ಸತ್ತ ಆನೆಗೆ ಕೋಮಿನ ಬಣ್ಣ ಬಳಿಯಲು ಅಷ್ಟು ಸಾಕಾಯಿತು. ಸ್ಪಷ್ಟೀಕರಣ ಬಂದಾಗ ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಅದರಲ್ಲಿ ಕಣ್ಣೀರೂ ಇರಲಿಲ್ಲ, ಖಳನಾಯಕನೂ ಇರಲಿಲ್ಲ.

ಇಂಥ ಸುದ್ದಿ ಬಂದಾಗ ನಾವು ಕೇಳುವ ಪ್ರಶ್ನೆಯೇ ಮೊಂಡು ಎಂಬುದು ನನ್ನ ಆಕ್ಷೇಪ. ‘ಇದು ನಿಜವೋ ಸುಳ್ಳೋ?’ ಎಂದು ಕೇಳಿ, ಫ್ಯಾಕ್ಟ್‌ಚೆಕ್ ಮಾಡುವವರು ಒತ್ತುವ ಒಂದು ಮುದ್ರೆಗಾಗಿ ಕಾಯುತ್ತೇವೆ. ಗಾಯ ಒಂದು ಸಂಗತಿ, ಗಾಯ ಮಾಡಿದ ಕೈ ಇನ್ನೊಂದು, ಆ ಕೈಯ ಉದ್ದೇಶ ಮತ್ತೊಂದು. ಚಿತ್ರ ತೋರಿಸುವುದು ಮೊದಲನೆಯದನ್ನು ಮಾತ್ರ. ಉಳಿದೆರಡನ್ನು ಅಡಿಬರಹ ಹೊತ್ತು ತರುತ್ತದೆ, ಚಿತ್ರ ನೋಡಿ ಕಲಕಿದ ಮನಸ್ಸು ಅಡಿಬರಹವನ್ನೂ ಅದೇ ಉಸಿರಿನಲ್ಲಿ ನುಂಗುತ್ತದೆ. ಆನೆಯ ಸುದ್ದಿಗೆ ‘ಸುಳ್ಳು’ ಎಂಬ ಮುದ್ರೆ ಬಿದ್ದಾಗ ಆದದ್ದೂ ಇಷ್ಟೇ. ಮಲಪ್ಪುರಂ ಸುಳ್ಳಾದೊಡನೆ ಸಿಡಿಮದ್ದಿನ ಪ್ರಶ್ನೆಯೂ ಮುಗಿದುಹೋಯಿತು.

ಕೈಯೇ ಇಲ್ಲದ ಕ್ರೌರ್ಯದ ಕಥೆಯೊಂದು ಲಂಡನ್ನಿನ ಕ್ರಾಯ್ಡನ್ ಪ್ರದೇಶದ್ದು. 2015ರ ಹೊತ್ತಿಗೆ ಅಲ್ಲಿ ತಲೆಯಿಲ್ಲದ, ಬಾಲವಿಲ್ಲದ ಬೆಕ್ಕುಗಳ ಹೆಣಗಳು ಸಿಗತೊಡಗಿದವು. ಚಾಕುವಿನಿಂದ ಕೊಯ್ದಂತೆ ನೇರವಾದ ಗಾಯಗಳು. ಪತ್ರಿಕೆಗಳು ಹಂತಕನಿಗೊಂದು ಹೆಸರಿಟ್ಟವು. ಇಂದು ಬೆಕ್ಕು, ನಾಳೆ ಮನುಷ್ಯ ಎಂಬ ಭಯ ಹಬ್ಬಿತು. ಲಂಡನ್ ಪೊಲೀಸರು ‘ಆಪರೇಷನ್ ಟಕಾಹೆ’ ಎಂಬ ಹೆಸರಿನಲ್ಲಿ ತನಿಖೆ ನಡೆಸಿ ನಾನೂರಕ್ಕೂ ಹೆಚ್ಚು ದೂರುಗಳನ್ನು ದಾಖಲಿಸಿಕೊಂಡರು. 2018ರ ಸೆಪ್ಟೆಂಬರಿನಲ್ಲಿ ಬಂದ ತೀರ್ಮಾನ: ಮನುಷ್ಯನ ಕೈವಾಡವಿಲ್ಲ. ಕಾರು ಬಡಿದೋ ಬೇರೆ ಕಾರಣಕ್ಕೋ ಸತ್ತ ಬೆಕ್ಕುಗಳನ್ನು ನರಿಗಳು ಕಿತ್ತು ತಿಂದಿದ್ದವು. ನರಿಯೊಂದು ಬೆಕ್ಕಿನ ತಲೆಯನ್ನು ಕಚ್ಚಿಕೊಂಡು ಹೋಗಿ ಶಾಲೆಯ ಆಟದ ಬಯಲಿನಲ್ಲಿ ಬೀಳಿಸಿದ್ದು ಸಿಸಿಟಿವಿಯಲ್ಲೇ ಸಿಕ್ಕಿತ್ತು. ಮುಂದೆ ರಾಯಲ್ ವೆಟರ್ನರಿ ಕಾಲೇಜಿನ ತಜ್ಞರು 32 ಬೆಕ್ಕುಗಳ ಹೆಣ ಪರೀಕ್ಷಿಸಿ, ನರಿಯ ಡಿಎನ್‌ಎ ಸಿಕ್ಕಿದ್ದನ್ನು 2021ರಲ್ಲಿ ಪ್ರಕಟಿಸಿದರು. ನೇರ ಗಾಯ ಚಾಕುವಿನದ್ದೇ ಎಂಬ ನಮ್ಮ ತಿಳಿವಳಿಕೆ ಬಂದದ್ದು ಅಡುಗೆಮನೆಯಿಂದ. ನರಿಯ ದವಡೆಹಲ್ಲೂ ಕತ್ತರಿಯಂತೆ ಕತ್ತರಿಸುತ್ತದೆ.

ಹಾಗೆಂದು ಅತಿ ಭೀಕರವಾದುದೆಲ್ಲ ಕಟ್ಟುಕಥೆ ಎಂದುಕೊಳ್ಳುವುದು ಇನ್ನೊಂದು ಸೋಮಾರಿತನ. ಹಣ ಕೊಟ್ಟು ಕೋತಿಮರಿಗಳಿಗೆ ಹಿಂಸೆ ಕೊಡಿಸಿ, ಆ ವಿಡಿಯೊಗಳನ್ನು ಸವಿಯುವವರ ಜಾಲವಿದೆ ಎಂದು ಯಾರಾದರೂ ಹೇಳಿದ್ದರೆ ತಲೆಕೆಟ್ಟವರ ಕಲ್ಪನೆ ಎನ್ನುತ್ತಿದ್ದೆವು. 2023ರಲ್ಲಿ ಬಿಬಿಸಿ ತನಿಖೆ ಮಾಡಿ ತೋರಿಸಿತು: ಅಮೆರಿಕ, ಬ್ರಿಟನ್ನಿನಲ್ಲಿ ಕೂತವರು ಟೆಲಿಗ್ರಾಮ್ ಗುಂಪುಗಳಲ್ಲಿ ದುಡ್ಡು ಕೂಡಿಸಿ ಕಳಿಸುತ್ತಿದ್ದರು, ಇಂಡೊನೇಷ್ಯಾದಲ್ಲಿ ಚಿತ್ರೀಕರಣ ನಡೆಯುತ್ತಿತ್ತು. ಎರಡೂ ಕಡೆ ಜನ ಜೈಲಿಗೆ ಹೋದರು. ನಮ್ಮಲ್ಲೇ, 2021ರ ಜುಲೈ ಕೊನೆಯಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿ ಬಳಿ ರಸ್ತೆಬದಿಯ ಗೋಣಿಚೀಲಗಳಲ್ಲಿ ಮೂವತ್ತಕ್ಕೂ ಹೆಚ್ಚು ಸತ್ತ ಕೋತಿಗಳು ಸಿಕ್ಕವು. ಚಿತ್ರ ಹರಿದಾಡಿದಾಗ ಎಲ್ಲಿಯದೋ ಹಳೆಯ ಫೋಟೊ ಇರಬಹುದೆಂದು ಅನುಮಾನಿಸಲು ಕಾರಣವಿತ್ತು. ಆದರೆ ಅದಕ್ಕೆ ಊರಿತ್ತು, ದಿನಾಂಕವಿತ್ತು, ಬೆಳಕಿಗೆ ತಂದ ಸ್ಥಳೀಯರಿದ್ದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಘಟನೆ ನಿಜವಾಗಿತ್ತು.

ಕಟ್ಟುಕಥೆ, ನಿಜ ಇವೆರಡರ ನಡುವೆ ಇರುವ ಮೂರನೆಯ ಜಾತಿ ನನಗೆ ಹೆಚ್ಚು ಹೇಸಿಗೆ ತರಿಸುತ್ತದೆ. ಹೆಬ್ಬಾವು ನಾಯಿಮರಿಯನ್ನು ಸುತ್ತಿಕೊಂಡಿದೆ, ದಾರಿಹೋಕನೊಬ್ಬ ಓಡಿ ಬಂದು ಬಿಡಿಸುತ್ತಾನೆ, ಹಿನ್ನೆಲೆಯಲ್ಲಿ ಪಿಟೀಲು. ‘ಮೃದು ಹೃದಯದವರು ನೋಡಬೇಡಿ’ ಎಂಬ ಎಚ್ಚರಿಕೆ, ಹಿಂದೆಯೇ ‘ಮನುಷ್ಯತ್ವ ಇದ್ದರೆ ಶೇರ್ ಮಾಡಿ’ ಎಂಬ ಬೆದರಿಕೆ. ಸ್ವಲ್ಪ ತಡೆದು ನೋಡಿದರೆ ತಿಳಿಯುತ್ತದೆ, ರಕ್ಷಕ ಬರುವ ಮೊದಲೇ ಅಲ್ಲಿ ಕ್ಯಾಮೆರಾ ಇತ್ತು, ಅದೂ ಎರಡು ಕೋನಗಳಿಂದ. ಅದೇ ಚಾನೆಲ್ಲಿನಲ್ಲಿ ಹುಡುಕಿದರೆ ಅದೇ ಹಾವು ಬೇರೆ ಮರಿಯನ್ನು ಸುತ್ತಿಕೊಂಡಿರುತ್ತದೆ. ಇಂಥ ನಕಲಿ ರಕ್ಷಣೆಗಳನ್ನು ನಿಷೇಧಿಸುತ್ತೇವೆ ಎಂದು ಯೂಟ್ಯೂಬ್ 2021ರ ಮಾರ್ಚಿನಲ್ಲಿ ಹೇಳಿತು. ಇಲ್ಲಿ ‘ಫೇಕ್’ ಎಂದು ಹೇಳಿ ನಕ್ಕು ಮುಂದೆ ಹೋಗುವುದು ತಪ್ಪು. ಕಥೆ ನಕಲಿ ನಿಜ, ಆದರೆ ಮರಿಯ ಉಸಿರು ಕಟ್ಟಿದ್ದು ನಕಲಿಯಲ್ಲ. ನಮ್ಮ ನೋಟಕ್ಕಾಗಿಯೇ ಮಾಡಿದ ಹಿಂಸೆ ಅದು, ನೋಡಿದವರ ಲೆಕ್ಕದ ಮೇಲೆ ಹಣ ಸಿಗುವ ಹಿಂಸೆ.

ಹಾಗಾದರೆ ಓದುಗ ಪತ್ತೇದಾರನಾಗಬೇಕೆ? ಬೇಕಿಲ್ಲ, ಅದರಲ್ಲಿ ಅಪಾಯವೂ ಇದೆ. ಅಂತರ್ಜಾಲದ ಪತ್ತೇದಾರರು ತಪ್ಪು ಮನುಷ್ಯನ ಬೆನ್ನು ಹತ್ತಿದ್ದಿದೆ. ನಾನು ನೋಡುವುದು ಸುದ್ದಿಯಲ್ಲಿ ಊರು, ದಿನಾಂಕ, ಠಾಣೆ ಅಥವಾ ಪಶುವೈದ್ಯರ ಮಾತು ಇದೆಯೇ ಎಂದು. ‘ಉತ್ತರ ಭಾರತದ ಒಂದು ಹಳ್ಳಿಯಲ್ಲಿ’ ಎಂದಷ್ಟೇ ಇದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಇನ್ನೊಂದು, ಸುದ್ದಿಯ ಸಿಟ್ಟು ಯಾರ ಕಡೆ ತಿರುಗಿದೆ ಎಂಬುದು. ಪ್ರಾಣಿಗಿಂತ ಒಂದು ಸಮುದಾಯದ ಹೆಸರೇ ದಪ್ಪ ಅಕ್ಷರದಲ್ಲಿದ್ದರೆ, ಪ್ರಾಣಿ ಅಲ್ಲಿ ನೆಪ ಮಾತ್ರ. ಅಪರಾಧಿಯ ಹೆಸರು ಮುಚ್ಚಿಡಬೇಕು ಎಂದು ಹೇಳುತ್ತಿಲ್ಲ. ಒಬ್ಬನ ಕೃತ್ಯಕ್ಕೆ ಜಿಲ್ಲೆಯೊಂದನ್ನು ಕಟಕಟೆಗೆ ಹತ್ತಿಸುವುದು ಪ್ರಾಣಿದಯೆಯಲ್ಲ.

ರಾಕ್ಷಸರ ಕಥೆಗಳಿಗೆ ಮರುಗುವ ನಾವು ರಾಕ್ಷಸರಿಲ್ಲದ ಹಿಂಸೆಯನ್ನು ಗಮನಿಸುವುದಿಲ್ಲ. ಕೊಳ್ಳೇಗಾಲ, ಹನೂರು ಕಡೆಯ ಜಿಲ್ಲಾ ಪುಟ ತೆರೆದರೆ ಸಿಡಿಮದ್ದು ಕಚ್ಚಿ ಬಾಯಿ ಛಿದ್ರವಾದ ಹಸುವಿನ ಸುದ್ದಿ ಆಗಾಗ ಒಂದು ಕಾಲಂನಲ್ಲಿ ಮುಗಿದಿರುತ್ತದೆ. ಹಂದಿಗಿಟ್ಟ ಉರುಳಿಗೆ ಚಿರತೆ ಬೀಳುತ್ತದೆ, ಬೇಲಿಗೆ ಹಾಯಿಸಿದ ಕರೆಂಟಿಗೆ ಆನೆ ಸಾಯುತ್ತದೆ. ಬೆಳೆ ಉಳಿಸಿಕೊಳ್ಳಲು ಹೆಣಗುವ ರೈತ, ಬಾಡಿನ ಆಸೆಗೆ ಮದ್ದು ಇಡುವವನು, ಪರಿಹಾರದ ಕಡತ ತಡಮಾಡುವ ಕಚೇರಿ ಎಲ್ಲರೂ ಈ ಸುದ್ದಿಯಲ್ಲಿದ್ದಾರೆ. ಇದನ್ನು ಒಂದು ವಾಕ್ಯದಲ್ಲಿ ಹೇಳಿ ಸಿಟ್ಟಾಗಲು ಬರುವುದಿಲ್ಲ, ಹಾಗಾಗಿ ಇದು ಹರಿದಾಡುವುದಿಲ್ಲ. ವೆಳ್ಳಿಯಾರ್ ಆನೆಯ ನಿಜವಾದ ಸುದ್ದಿ ಇದೇ ಆಗಿತ್ತು.

ಹಿಂಸೆಯ ವಿಡಿಯೊ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಲಿಂಕನ್ನು ಪೊಲೀಸರಿಗೆ ಕೊಡಿ. ನಿಮ್ಮೂರಿನ ಹೊಲದಂಚಿನಲ್ಲಿ ಯಾರೋ ಸಿಡಿಮದ್ದು ಇಡುವುದು ಗೊತ್ತಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಸಹಾಯವಾಣಿ ಸಂಖ್ಯೆ 1926.