ಹಿಟ್ಟಿನ ಕೋಳಿಯೂ ಗಾಳದ ಮೀನೂ

ಮದ್ದೂರನ್ನು ಹಾದು ಬರುವ ಶಿಂಷಾ ನದಿಯು ಮಳವಳ್ಳಿ ಸೀಮೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯಾದರೋ ಭೀಮೇಶ್ವರಿ, ಮುತ್ತತ್ತಿಗಳ ಬಳಿ ಬಂಡೆಗಳ ನಡುವೆ ನುಸುಳಿ, ಆಳವಾದ ಮಡುಗಳಲ್ಲಿ ತಂಗಿ, ಕಾಡಿನೊಳಗೆ ಮುಂದುವರಿಯುತ್ತದೆ. ಈ ಮಡುಗಳಲ್ಲಿ ಬೆಳೆಯುವ ಮಹಶೀರ್ ಮೀನು ಗಾಳದ ಬೇಟೆಯವರಲ್ಲಿ ಜಗತ್ಪ್ರಸಿದ್ಧವಾದುದು. ಅದನ್ನು ಕುರಿತು ಬೆಳೆದಿರುವ ಸಾಹಿತ್ಯವೂ ಅಲ್ಪವಲ್ಲ. ಆ ಸಾಹಿತ್ಯದಲ್ಲಿ ಈಚಿನ ಅರ್ಧಶತಮಾನದಿಂದ ಒಂದು ಹೊಸ ವಿಧಿ ಪ್ರಬಲವಾಗಿದೆ: ಹಿಡಿದ ಮೀನನ್ನು ಕೊಲ್ಲದೆ ಮರಳಿ ನೀರಿಗೆ ಬಿಡತಕ್ಕದ್ದು. ಇದು ದಯೆಯೇ, ಅಥವಾ ದಯೆಯ ಉಡುಪನ್ನು ತೊಟ್ಟ ವಿನೋದವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕನ್ನಡ ನಾಡಿನಲ್ಲಿಯೇ ಹುಟ್ಟಿದ ಮೂರು ಗ್ರಂಥಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ಪ್ರಶ್ನೆಗೆ ತಕ್ಕಷ್ಟು ಬೆಳಕು ದೊರೆಯುವುದು.

ಮೊದಲನೆಯದು ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’. ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬುದೂ ಒಂದು. ಮೀನುಗಳ ಜಾತಿಭೇದ, ಅವುಗಳಿಗೆ ಹಾಕತಕ್ಕ ಮೇವು, ಗಾಳದ ಕೋಲು, ದಾರ, ಕೊಕ್ಕೆ ಇವೆಲ್ಲವನ್ನೂ ದೊರೆಯು ಬಲ್ಲವನ ಖಚಿತತೆಯಿಂದ ವಿವರಿಸಿದ್ದಾನೆ. ಅದೇ ಗ್ರಂಥದ ಅನ್ನಭೋಗದಲ್ಲಿ ಮೀನಿನ ಅಡಿಗೆಯೂ ಬರುತ್ತದೆ. ಮೊದಲ ಭಾಗದಲ್ಲಿ ಪರದ್ರೋಹವನ್ನು ಬಿಡಬೇಕೆಂದು ಬೋಧಿಸಿದವನೇ ನಾಲ್ಕನೆಯ ಭಾಗದಲ್ಲಿ ಮೀನಿನ ಬಾಯಿಗೆ ಕೊಕ್ಕೆ ಸಿಕ್ಕಿಸುವ ಬಗೆಯನ್ನು ಕಲಿಸುತ್ತಾನೆ. ಇವೆರಡರ ನಡುವೆ ವಿರೋಧವೇನಾದರೂ ಉಂಟೇ ಎಂಬ ಶಂಕೆ ಅವನನ್ನು ಬಾಧಿಸಿದಂತೆ ತೋರುವುದಿಲ್ಲ. ಇದು ಗ್ರಂಥದ ಕೊರತೆಯೆನ್ನಬಹುದು. ಆದರೆ ಒಂದು ಗುಣವನ್ನು ಅವನಲ್ಲಿ ಒಪ್ಪಲೇಬೇಕು: ತಾನು ಮಾಡುವುದಕ್ಕೆ ಅವನು ಇಟ್ಟ ಹೆಸರು ವಿನೋದ. ವಿನೋದವನ್ನು ಅವನು ಬೇರೊಂದು ಹೆಸರಿನಿಂದ ಕರೆಯಲಿಲ್ಲ.

ಎರಡನೆಯದು ಇಂಗ್ಲಿಷಿನದು. ಮದರಾಸು ಆಧಿಪತ್ಯದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಎಂಬಾತನು ೧೮೭೩ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’. ಬಲದಲ್ಲಿಯೂ ಹೋರಾಟದಲ್ಲಿಯೂ ಮಹಶೀರ್ ಮೀನು ತನ್ನ ದೇಶದ ಸಾಲ್ಮನ್ ಮೀನನ್ನು ಮೀರಿಸುವುದೆಂದು ಆತನು ಸಾರಿದನು. ಆ ಮಾತೇ ಮುಂದೆ ದೂರದೂರದ ಬೇಟೆಗಾರರನ್ನು ಈ ನದಿಗಳಿಗೆ ಕರೆತಂದಿತು. ಬೆನ್ನು ಉಬ್ಬಿದ ಮಹಶೀರಿನ ಪರಿಚಯವು ಹೊರಗಿನ ಓದುಗರಿಗೆ ಆದುದೂ ಆತನ ಮೂಲಕವೇ. ಆತನ ಕಾಲದಲ್ಲಿ ಹಿಡಿದ ಮೀನು ಸತ್ತ ಮೀನೇ. ಮೈಸೂರಿನ ವ್ಯಾನ್ ಇಂಗೆನ್ ೧೯೪೬ರಲ್ಲಿ ಕಬಿನಿಯಲ್ಲಿ ಹಿಡಿದ ೧೨೦ ಪೌಂಡಿನ ಮಹಶೀರ್ ಈ ಬೇಟೆಯ ಚರಿತ್ರೆಯಲ್ಲಿ ಇಂದಿಗೂ ದಾಖಲೆಯೆಂದು ಹೇಳಲ್ಪಡುತ್ತದೆ. ಆದರೂ ಥಾಮಸನ ಬರಹದಲ್ಲಿ ಸೋಮೇಶ್ವರನಲ್ಲಿಲ್ಲದ ಒಂದು ಚಿಂತೆಯಿದೆ. ಮರಿಮೀನುಗಳ ನಾಶದಿಂದ ನದಿಗಳು ಬರಿದಾಗುತ್ತಿರುವುದನ್ನು ಆತನು ಕಂಡು, ಮೀನಿನ ಸಂತತಿಯನ್ನು ಕಾಯಬೇಕೆಂದು ವಾದಿಸಿದನು.

ಆ ಚಿಂತೆಯ ಸಂತಾನವೇ ಹಿಡಿದು ಬಿಡುವ ವಿಧಿ. ೧೯೭೨ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ವನ್ಯಜೀವಿ ಸಂಘವೂ, ಆ ಬಳಿಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯೂ ಕಾವೇರಿಯ ದಡದಲ್ಲಿ ಈ ವಿಧಿಯನ್ನು ನಡೆಸಿಕೊಂಡು ಬಂದವು. ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಬಿಡಾರಗಳೆದ್ದವು. ರಾಗಿಯ ಹಿಟ್ಟನ್ನು ಬೇಯಿಸಿ, ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ ಕೊಕ್ಕೆಗೆ ಮೆತ್ತುವರು. ಹರಿಗೋಲಿನಲ್ಲಿ ಕುಳಿತು ಮಡುವಿಗೆ ಎಸೆಯುವರು. ಮೀನು ಕಚ್ಚಿದರೆ ಅದು ದಣಿಯುವವರೆಗೆ ಆಡಿಸಿ, ದಡಕ್ಕೆ ಎಳೆದು, ತೂಗಿ, ಛಾಯಾಚಿತ್ರ ತೆಗೆದು, ಉಸಿರು ತಿರುಗುವವರೆಗೆ ಹರಿವ ನೀರಿನಲ್ಲಿ ಹಿಡಿದು ನಿಂತು, ಆಮೇಲೆ ಬಿಟ್ಟುಬಿಡುವರು. ಈ ಬೇಟೆಯನ್ನು ವರ್ಣಿಸುವ ಲೇಖನಗಳೆಲ್ಲವೂ ಈ ಬಿಡುಗಡೆಯ ಗಳಿಗೆಯನ್ನೇ ಪರಾಕಾಷ್ಠೆಯಾಗಿ ಚಿತ್ರಿಸುತ್ತವೆ. ಲೇಖಕನ ಕಣ್ಣು ತೇವವಾಗುತ್ತದೆ, ಮೀನು ಮಿತ್ರನಾಗುತ್ತದೆ.

ಇಲ್ಲಿ ಮೂರನೆಯ ಗ್ರಂಥವನ್ನು ನೆನೆಯಬೇಕಾಗಿದೆ. ಹೊಯ್ಸಳರ ಆಸ್ಥಾನಕವಿ ಜನ್ನನ ‘ಯಶೋಧರಚರಿತೆ’ ೧೨೦೯ರ ಕಾವ್ಯ. ಕೆಟ್ಟ ಕನಸಿನ ಶಾಂತಿಗಾಗಿ ಜೀವಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹೇಳುತ್ತಾಳೆ. ಮಗ ಯಶೋಧರನು ಕೊಲ್ಲಲಾರೆನೆನ್ನುತ್ತಾನೆ. ಕೊನೆಗೆ ಹಿಟ್ಟಿನ ಕೋಳಿಯನ್ನು ಮಾಡಿ ಕಡಿಯುವುದೆಂದು ಒಡಂಬಡಿಕೆಯಾಗುತ್ತದೆ. ಕತ್ತಿ ತಗುಲಿದೊಡನೆ ಆ ಹಿಟ್ಟು ಕೂಗುತ್ತದೆ. ಜೀವವಿಲ್ಲದ ಹಿಟ್ಟನ್ನು ಕಡಿದ ತಪ್ಪಿಗೆ ತಾಯಿಮಕ್ಕಳು ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಅವುಗಳಲ್ಲೊಂದರಲ್ಲಿ ಯಶೋಧರನು ಮೀನಾಗಿಯೇ ಹುಟ್ಟಿ ಸಾಯುತ್ತಾನೆ. ಪಾಪವು ಕೈಯಲ್ಲಿಲ್ಲ, ಸಂಕಲ್ಪದಲ್ಲಿದೆ ಎಂಬುದು ಕಾವ್ಯದ ತೀರ್ಪು.

ಗಾಳಗಾರನು ಈ ತೀರ್ಪನ್ನು ತನ್ನ ಪರವಾಗಿ ತಿರುಗಿಸಿಕೊಳ್ಳಬಹುದು. ತನಗೆ ಕೊಲ್ಲುವ ಸಂಕಲ್ಪವಿಲ್ಲ, ಆದುದರಿಂದ ಜನ್ನನ ತಕ್ಕಡಿಯಲ್ಲಿ ತಾನು ನಿರ್ದೋಷಿ ಎಂದಾನು. ಆದರೆ ಕಾವ್ಯವನ್ನು ಇನ್ನೊಂದು ಸಲ ಓದಬೇಕು. ಹಿಟ್ಟಿನ ಕೋಳಿ ಹುಟ್ಟಿದ್ದು ಏತಕ್ಕೆ? ಬಲಿಯ ಫಲವೂ ಬೇಕು, ರಕ್ತದ ಕಲೆಯೂ ಬೇಡ ಎಂಬುದಕ್ಕೆ. ಬೇಟೆಯ ಸುಖವೂ ಬೇಕು, ಕೊಲೆಯ ಹೆಸರೂ ಬೇಡ ಎಂಬುದು ಅದೇ ಮನಸ್ಸಿನ ಮತ್ತೊಂದು ರೂಪ. ಅಷ್ಟೇ ಅಲ್ಲ, ಅಂದಿನ ಬಲಿಪ್ರಾಣಿ ಬರಿಯ ಹಿಟ್ಟು; ಇಂದು ಹಿಟ್ಟಿನ ಉಂಡೆಯೊಳಗೆ ಕೊಕ್ಕೆಯಿದೆ, ಅದನ್ನು ನುಂಗುವ ಬಾಯಿಗೆ ಜೀವವಿದೆ. ಹಿಟ್ಟಿನ ಕೋಳಿಯಾದರೂ ಕೂಗಿತು; ಮೀನಿಗೆ ಕೂಗಲು ಕಂಠವಿಲ್ಲ.

ಮೀನಿಗೆ ನೋವುಂಟೇ ಎಂಬ ವಿಷಯದಲ್ಲಿ ವಿಜ್ಞಾನಿಗಳು ಏಕಮತದವರಲ್ಲ. ನೋವಿನ ಅನುಭವಕ್ಕೆ ಬೇಕಾದ ಮಿದುಳಿನ ಹೊರಪದರ ಮೀನಿಗಿಲ್ಲವೆಂದು ಕೆಲವರು ವಾದಿಸಿದ್ದಾರೆ. ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಪೆಟ್ಟನ್ನು ಗ್ರಹಿಸುವ ನರಾಗ್ರಗಳಿವೆಯೆಂದು ೨೦೦೩ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ತೋರಿಸಿದರು. ಸ್ವಿಟ್ಜರ್ಲೆಂಡ್ ದೇಶವು ಈ ಸಂದೇಹದ ಲಾಭವನ್ನು ಮೀನಿಗೇ ಕೊಟ್ಟಿದೆ. ಬಿಟ್ಟುಬಿಡಬೇಕೆಂಬ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಅಲ್ಲಿ ನಿಷೇಧಿಸಲಾಗಿದೆ. ಹಿಡಿದು ತಿನ್ನುವವನು ಅಲ್ಲಿ ಅಪರಾಧಿಯಲ್ಲ. ಆಟಕ್ಕಾಗಿ ಹಿಡಿಯುವವನು ಅಪರಾಧಿ. ಜನ್ನನನ್ನು ಕೇಳಿಯೇ ಅರಿಯದ ದೇಶವೊಂದು ಸಂಕಲ್ಪವನ್ನು ಅಳತೆಗೋಲಾಗಿ ಹಿಡಿದಿರುವುದು ಗಮನಾರ್ಹ.

ಇಷ್ಟಕ್ಕೇ ವಿಚಾರವು ಮುಗಿಯುವುದಾದರೆ ಸುಲಭವಾಗಿತ್ತು. ಗಾಳಗಾರರ ಪಕ್ಷದಲ್ಲಿ ಗಟ್ಟಿಯಾದ ವಾದವೊಂದಿದೆ. ಅದನ್ನು ಮುಚ್ಚಿಟ್ಟರೆ ವಿಮರ್ಶೆಯು ವಿಮರ್ಶೆಯಾಗದು. ಕಾವೇರಿಯ ಮಡುಗಳ ನಿಜವಾದ ಶತ್ರು ಗಾಳವಲ್ಲ, ಸಿಡಿಮದ್ದು. ಒಂದು ತೋಟೆ ಸಿಡಿದರೆ ದೊಡ್ಡದು ಸಣ್ಣದು ಎನ್ನದೆ ಮಡುವೇ ಸಾಯುತ್ತದೆ. ಬಿಡಾರಗಳಿದ್ದಾಗ ಹಿಂದೆ ಕಳ್ಳಬೇಟೆಯಾಡುತ್ತಿದ್ದವರಲ್ಲಿ ಕೆಲವರು ಕಾವಲುಗಾರರೂ ಮಾರ್ಗದರ್ಶಕರೂ ಆದರು. ಗಾಳಗಾರರು ತೆತ್ತ ಹಣದಲ್ಲಿ ಅವರ ಸಂಸಾರ ನಡೆಯಿತು. ಈ ಭಾಗವು ೧೯೮೭ರಿಂದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದುದು. ವನ್ಯಜೀವಿ ಕಾನೂನಿನ ಪ್ರಕಾರ ಹಿಡಿಯುವುದೂ ಬೇಟೆಯೇ ಆದುದರಿಂದ ೨೦೧೨ರ ಹೊತ್ತಿಗೆ ಅಲ್ಲಿ ಗಾಳ ನಿಂತಿತು. ಗಾಳದೊಂದಿಗೆ ಅದರ ಕಾವಲೂ ಹೋಯಿತೆಂದು, ಸಿಡಿಮದ್ದಿಗೆ ದಾರಿಯಾಯಿತೆಂದು ಮೀನಿನ ಶಾಸ್ತ್ರಜ್ಞರೇ ಎಚ್ಚರಿಸಿದ್ದಾರೆ. ಮೀನಿಗೆ ತುಟಿಯ ಗಾಯ ಮೇಲೋ, ಸಾವು ಮೇಲೋ ಎಂದು ಅವರು ಕೇಳಿದರೆ ಉತ್ತರವು ಸುಲಭವಲ್ಲ.

ಆದರೆ ಅದೇ ಗಾಳಗಾರರು ಬರೆದಿಟ್ಟ ಲೆಕ್ಕವು ಬೇರೊಂದು ಕಥೆಯನ್ನೂ ಹೇಳುತ್ತದೆ. ಗಾಲಿಬೋರೆಯಲ್ಲಿ ೧೯೯೮ರಿಂದ ೨೦೧೨ರವರೆಗೆ ೨೩,೬೨೦ ಗಂಟೆಗಳ ಗಾಳಕ್ಕೆ ೬,೧೬೧ ಮಹಶೀರುಗಳು ಸಿಕ್ಕಿದ್ದವು. ಶಾಸ್ತ್ರಜ್ಞರು ಈ ಲೆಕ್ಕವನ್ನು ಶೋಧಿಸಿ ೨೦೧೫ರಲ್ಲಿ ಪ್ರಕಟಿಸಿದರು. ಮೀನಿನ ಸಂಖ್ಯೆ ಏರಿತ್ತು, ಆದರೆ ಏರಿದ್ದು ನೀಲಿರೆಕ್ಕೆಯ ಮಹಶೀರಿನದು. ಅದು ಕೃಷ್ಣೆಯ ಕಡೆಯ ಮೀನು. ಲೋನಾವಳದಲ್ಲಿ ಮರಿಮಾಡಿಸಿ ತಂದು ಕಾವೇರಿಗೆ ಬಿಟ್ಟದ್ದು. ಕಾವೇರಿಯದೇ ಆದ ಉಬ್ಬುಬೆನ್ನಿನ ಮೀನು ಅದರ ನಡುವೆ ಕ್ಷೀಣಿಸುತ್ತ ಬಂದಿತು. ಥಾಮಸನ ಕಾಲದಿಂದ ಹೆಸರಾಂತ ಆ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ನಾಮ ನಿಶ್ಚಯವಾದುದು ೨೦೧೮ರಲ್ಲಿ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಅದು ಸೇರಿದುದೂ ಅದೇ ವರ್ಷ.

ಸಂಕಲ್ಪವು ಇಲ್ಲಿಯೇ ಬಯಲಾಗುತ್ತದೆ. ಪರನದಿಯ ಮರಿಗಳನ್ನು ತಂದು ಬಿಟ್ಟವರಲ್ಲಿ ದ್ವೇಷವಿರಲಿಲ್ಲ. ಮೀನು ಹೆಚ್ಚಲಿ ಎಂಬ ಹಂಬಲವೇ ಇತ್ತು. ಆದರೆ ಗಾಳವನ್ನು ಕಚ್ಚುವ ಮೀನು ಬೇಕಾದವನಿಗೆ ಯಾವ ಮೀನಾದರೂ ಆದೀತು. ಈ ನದಿಯ ಮೀನೇ ಬೇಕೆಂಬುದು ಬೇರೆ ಬಗೆಯ ಪ್ರೀತಿ. ಒಂದೊಂದು ಮೀನನ್ನೂ ಕೈಯಾರೆ ನೀರಿಗೆ ಬಿಟ್ಟ ಮಮತೆಯು, ಒಂದು ಕುಲವೇ ಕೈಜಾರುತ್ತಿದ್ದುದನ್ನು ಕಾಣಲಿಲ್ಲ. ಆ ನಷ್ಟವನ್ನು ಕಂಡುಕೊಳ್ಳುವಂತೆ ಮಾಡಿದ್ದೂ ಅವರದೇ ಲೆಕ್ಕದ ಪುಸ್ತಕವೆಂಬುದನ್ನು ನ್ಯಾಯವಾಗಿ ಹೇಳಬೇಕು. ಅವರ ಕಣ್ಣೀರಿಗಿಂತ ಅವರ ಲೆಕ್ಕವೇ ಮೀನಿಗೆ ಹೆಚ್ಚು ಉಪಕಾರ ಮಾಡಿತು.

ಗಾಳವೇ ಇಲ್ಲದ ಕಾವಲು ಈ ನಾಡಿಗೆ ಅಪರಿಚಿತವಲ್ಲ. ಇದೇ ಕಾವೇರಿಯ ಮೇಲುಹರಿವಿನ ರಾಮನಾಥಪುರದಲ್ಲಿ, ಶೃಂಗೇರಿಯ ತುಂಗೆಯಲ್ಲಿ ಭಕ್ತಿಯೇ ಮೀನನ್ನು ಕಾಯುತ್ತಿದೆ. ಆದರೆ ಅದರ ಎಲ್ಲೆ ದೇವಸ್ಥಾನದ ಸೋಪಾನದಿಂದ ಬಹುದೂರ ಹೋಗದು. ಶಿಶಿಲದ ಮತ್ಸ್ಯತೀರ್ಥಕ್ಕೆ ೧೯೯೬ರಲ್ಲಿ ವಿಷ ಬಿದ್ದಾಗ ಭಕ್ತಿಯೊಂದೇ ಸಾಲದೆಂಬುದೂ ತಿಳಿಯಿತು. ಮುತ್ತತ್ತಿಯ ಮಡುಗಳಿಗೆ ಬೇಕಾದುದು ಸಂಬಳದ ಕಾವಲು. ಆ ಸಂಬಳವು ಮೀನಿನ ನೋವಿನಿಂದಲೇ ಹುಟ್ಟಬೇಕೆಂಬ ನಿಯಮವಿಲ್ಲ. ನದಿಯ ನೀರನ್ನುಂಡು ಬೆಳೆದ ಸಮಾಜವು ಅದನ್ನು ತೆರಬಹುದು. ತೆರಲೊಲ್ಲದೆ ಗಾಳವನ್ನೇ ಮತ್ತೆ ಕರೆಯುವುದಾದರೆ, ಸೋಮೇಶ್ವರನ ಪ್ರಾಮಾಣಿಕತೆಯಾದರೂ ಅದರೊಂದಿಗೆ ಬರಲಿ: ಅದನ್ನು ವಿನೋದವೆಂದೇ ಕರೆದು, ಅದರ ಬೆಲೆಯನ್ನು ಕಾವಲಿಗೆ ಸಲ್ಲಿಸಿ, ಲೆಕ್ಕವನ್ನು ತಪ್ಪದೆ ಬರೆಯಲಿ. ದಯೆಯೆಂಬ ಹೆಸರನ್ನು ಮಾತ್ರ ಅದಕ್ಕೆ ಇಡುವುದು ಸಲ್ಲದು.

ಈ ಮೂರು ಗ್ರಂಥಗಳಲ್ಲಿ ಒಂದು ದೊರೆಯದು, ಒಂದು ಅಧಿಕಾರಿಯದು, ಒಂದು ಆಸ್ಥಾನಕವಿಯದು. ಮಡುವಿನ ಆಳವನ್ನು ಹುಟ್ಟಿನ ತುದಿಯಿಂದ ಬಲ್ಲ ಹರಿಗೋಲಿನವನ, ಬಲೆ ಬೀಸಿ ಹೊಟ್ಟೆ ಹೊರೆದ ಬೆಸ್ತನ, ತೋಟೆಯನ್ನು ಬಿಟ್ಟು ಕಾವಲಿಗೆ ನಿಂತವನ ಮಾತು ಇವುಗಳಲ್ಲಿ ಇಲ್ಲ. ಮಳವಳ್ಳಿಯ ದಡದಿಂದ ಅಂಥದೊಂದು ಪುಸ್ತಕ ಬಂದಲ್ಲಿ ಈ ತೀರ್ಪನ್ನು ಮತ್ತೊಮ್ಮೆ ವಿಚಾರಣೆಗೆ ತೆಗೆದುಕೊಳ್ಳುವುದು ವಿಮರ್ಶೆಯ ಕರ್ತವ್ಯವಾಗುವುದು.