ನಿಮ್ಮ ನೇಟಿವ್ ಯಾವುದು?

ಮುಂಬಯಿಯಲ್ಲಿ ಇಬ್ಬರು ಕನ್ನಡಿಗರಿಗೆ ಪರಿಚಯವಾದರೆ ಹೆಸರಿನ ಬೆನ್ನಿಗೇ ಬರುವ ಪ್ರಶ್ನೆ, 'ನಿಮ್ಮ ನೇಟಿವ್ ಯಾವುದು?' ಬ್ಯಾಂಕಿನಲ್ಲಿ ಆಯುಷ್ಯವಿಡೀ ಲೆಕ್ಕ ತಾಳೆ ನೋಡಿದ ನನಗೆ ಈ ಶಬ್ದದ ಲೆಕ್ಕ ಮಾತ್ರ ತಾಳೆಯಾಗಿಲ್ಲ.

ಲ್ಯಾಟಿನ್ ಮೂಲದ ಈ ಪದಕ್ಕೆ 'ಹುಟ್ಟಿನಿಂದ ಬಂದದ್ದು' ಎಂದರ್ಥ. ಬ್ರಿಟಿಷರ ಬಾಯಲ್ಲಿ ಅದಕ್ಕೆ ತಿರಸ್ಕಾರ ಅಂಟಿಕೊಂಡಿತು. 1857ರ ಮಂಗಲ ಪಾಂಡೆ ಇದ್ದದ್ದು ಬೆಂಗಾಲ್ ನೇಟಿವ್ ಇನ್‌ಫೆಂಟ್ರಿಯಲ್ಲಿ. ನಮ್ಮ ಮೈಸೂರು ಕೂಡ ಅವರಿಗೆ 'ನೇಟಿವ್ ಸ್ಟೇಟ್'. ಅಮೆರಿಕದಲ್ಲಿ ನೋಡಿದರೆ ಮೂಲನಿವಾಸಿಗಳನ್ನು ಗೌರವದಿಂದ ಕರೆಯಲಿಕ್ಕೆ ಅದೇ ಪದ. ನಮ್ಮ ಸಿನಿಮಾದವರು ಇನ್ನೂ ಮುಂದೆ. ರೀಮೇಕ್ ಚಿತ್ರದಲ್ಲಿ 'ನಮ್ಮ ನೇಟಿವಿಟಿ ಇಲ್ಲ' ಅಂತಾರೆ. ಇಂಗ್ಲಿಷಿನವರಿಗೆ ನೇಟಿವಿಟಿ ಅಂದರೆ ಮುಖ್ಯವಾಗಿ ಯೇಸುವಿನ ಜನನ! ಮಂಗಳೂರಿನ ಕಥೊಲಿಕರು ಸೆಪ್ಟೆಂಬರ್ 8ರಂದು ಹೊಸ ಅಕ್ಕಿ ಉಂಡು ಆಚರಿಸುವ ಮೊಂತಿ ಹಬ್ಬ ಮೇರಿಯಮ್ಮನ ನೇಟಿವಿಟಿ. ಇರಲಿ, ಊರು ಬಿಟ್ಟ ಪದ ಗುಣ ಬದಲಿಸಿದರೆ ನಾನು ತಕರಾರು ಮಾಡುವವನಲ್ಲ.

ತಕರಾರು ಮುಂಬಯಿಯ ಅರ್ಥದ್ದು. ಇಲ್ಲಿ ನೇಟಿವ್ ಎಂದರೆ ಬಾಲ ಕತ್ತರಿಸಿದ 'ನೇಟಿವ್ ಪ್ಲೇಸ್'. ಮೇ ತಿಂಗಳಲ್ಲಿ ಪಕ್ಕದ ಮನೆಗೆ ಬೀಗ ಕಂಡರೆ 'ನೇಟಿವ್‌ಗೆ ಹೋಗಿದ್ದಾರೆ' ಅಂದರಾಯಿತು, ಯಾರೂ ಮುಂದೆ ಕೇಳುವುದಿಲ್ಲ. ನನ್ನ ಮಗಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅವಳ ನೇಟಿವ್ ಮಾತ್ರ ಕುಂದಾಪುರ! ಹುಟ್ಟನ್ನು ಹೇಳಬೇಕಾದ ಪದ ಹುಟ್ಟದ ಊರನ್ನು ತೋರಿಸುತ್ತದೆ. ಕಾಲೇಜಿನ ಫಾರಂನಲ್ಲಿ ಅವಳು ಡೊಂಬಿವಲಿ ಎಂದು ಬರೆದಿದ್ದಳು. ನಾನು ಅದನ್ನು ಹೊಡೆದು ಕುಂದಾಪುರ ಬರೆದೆ. 'ಪಪ್ಪಾ, ಅಲ್ಲಿ ನಂಗೆ ಬಸ್‌ಸ್ಟ್ಯಾಂಡಿಗೆ ಹೋಗೋ ದಾರಿಯೂ ಗೊತ್ತಿಲ್ಲ' ಅಂದಳು. ಶಬ್ದಕೋಶ ಅವಳ ಪಕ್ಷ. ನಾನು ಸಿಟ್ಟು ಮಾಡಿದೆ.

ಹಾಗೆ ಬರೆಯಲಿಕ್ಕೆ ನನಗಾದರೂ ಏನು ಹಕ್ಕಿತ್ತು? ಅಮ್ಮ ಹೋದ ಮೇಲೆ ಮನೆ ಪಾಲಾಯಿತು. ನನ್ನ ಪಾಲು ಮಾರಿ ಇಲ್ಲಿಯ ಫ್ಲ್ಯಾಟಿನ ಸಾಲ ತೀರಿಸಿದೆ. ಈಗ ಹೋದರೆ ಇಳಿಯುವುದು ತಮ್ಮನ ಮನೆಯಲ್ಲಿ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ದಾರಿ ಸುಲಭವಾಯಿತು, ಆದರೆ ಊರಿನವರು ಕೇಳುವುದು ಅದನ್ನೇ: 'ಯಾವತ್ತ್ ಬಂದದ್? ಯಾವತ್ತ್ ಹೋಪ್ದ್?' ಎರಡೂ ಒಂದೇ ಉಸಿರಿಗೆ. ಊರಲ್ಲಿರುವ ನಿಮಗೆ ಅದು ಬರೀ ಕುಶಲಪ್ರಶ್ನೆ. ನಮಗೆ ಎರಡನೆಯದು ಸ್ವಲ್ಪ ಚುಚ್ಚುತ್ತದೆ ಮಾರಾಯ್ರೆ.

ಮಗಳು ಈಗ ಪುಣೆಯಲ್ಲಿದ್ದಾಳೆ. ಮೊನ್ನೆ ಮೊಮ್ಮಗಳ ಶಾಲೆಯ ಫಾರಂ ತುಂಬುತ್ತಾ ಫೋನು ಮಾಡಿದಳು. ನೇಟಿವ್ ಪ್ಲೇಸ್ ಅಂತ ಒಂದು ಕಾಲಂ ಇದೆಯಂತೆ. ಡೊಂಬಿವಲಿ ಬರೆದುಬಿಡು ಅನ್ನಲು ಬಾಯಿ ತೆರೆದೆ.

'ಬರೆದಾಯ್ತು ಪಪ್ಪಾ. ಇಂಗ್ಲಿಷಿನಲ್ಲಿ ಕುಂದಾಪುರದ ಕೊನೆಗೆ "ಎ" ಬರ್ತದಾ, ಇಲ್ವಾ?'