ಸಾಕು ಎನ್ನುವವರು ಯಾರು?

ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ಮಾನಂದವಾಡಿಯ ದಾರಿ ಹಿಡಿದರೆ ಕಾಡಿನ ನಡುವೆ ಬಳ್ಳೆ ಆನೆಶಿಬಿರ ಸಿಗುತ್ತದೆ. ಅರ್ಜುನ ಇದ್ದದ್ದು ಅಲ್ಲಿ. 2012ರಿಂದ 2019ರವರೆಗೆ 8 ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತವನು. 60 ದಾಟಿದ ಆನೆಗೆ ಅಷ್ಟು ಭಾರ ಸಲ್ಲದೆಂದು 2020ರಲ್ಲಿ ಆ ಕೆಲಸವನ್ನು ಅಭಿಮನ್ಯುವೆಂಬ ಇನ್ನೊಂದು ಆನೆಗೆ ವಹಿಸಿದರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆದಿತ್ತು. ಅಲ್ಲಿ ಕಾಡು ಸಲಗವೊಂದರ ಕೋರೆಗೆ ಸಿಕ್ಕಿ ಅರ್ಜುನ ಸತ್ತ. 750 ಕಿಲೋ ಹೊರಲು ಅವನಿಗೆ ವಯಸ್ಸಾಗಿತ್ತು. ಸಲಗದ ಎದುರು ನಿಲ್ಲಲು ವಯಸ್ಸಾಗಿರಲಿಲ್ಲ!

ಆ ಸಾವನ್ನು ವೀರಮರಣವೆಂದು ಕರೆದವರೇ ಹೆಚ್ಚು. ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿದರು, ಸ್ಮಾರಕದ ಮಾತೂ ಬಂತು. ಆ ಪದ ನನಗೆ ಹಿಡಿಸುವುದಿಲ್ಲ. ವೀರನೆಂದು ಕೈಮುಗಿದ ಮೇಲೆ ಯಾರೂ ಏನನ್ನೂ ಕೇಳುವ ಹಾಗಿಲ್ಲ. ಅರ್ಜುನ ಹೋದದ್ದು ಕೆಲಸಕ್ಕೆ. ಸತ್ತದ್ದು ಕೆಲಸದಲ್ಲಿ. ಹಾಗಾದರೆ ನೋಡಬೇಕಾದದ್ದು ಆ ಕೆಲಸ ಮಾಡುವ ಬಗೆಯನ್ನು.

ಬಗೆ ಹೀಗೆ. ಕಾಡಾನೆಯ ಜಾಡು ಹಿಡಿದು, ಸಾಕಾನೆಗಳಿಂದ ಅದನ್ನು ಸುತ್ತುವರಿಯುತ್ತಾರೆ. ವೈದ್ಯರು ಹತ್ತಿರದಿಂದ ಅರಿವಳಿಕೆ ಮದ್ದು ಹೊಡೆಯುತ್ತಾರೆ. ಮದ್ದು ತಗುಲಿದೊಡನೆ ಆನೆ ಬೀಳುವುದಿಲ್ಲ, ಮಂಪರು ಏರಲು ಹಲವು ನಿಮಿಷ ಬೇಕು. ಹೊಡೆಯುವುದಕ್ಕೆ ಮುಂಚಿನ ಕ್ಷಣಗಳಲ್ಲೂ ಆಮೇಲಿನ ಈ ನಿಮಿಷಗಳಲ್ಲೂ ಎರಡು ಆನೆಗಳ ನಡುವೆ ಉಳಿಯುವುದು ಕೆಲವೇ ಮಾರು ಜಾಗ. ಕಾಫಿ ತೋಟದ ಮರೆಯಲ್ಲಿ, ಪೊದೆಗಳ ನಡುವೆ, ಸಲಗ ತಿರುಗಿಬಿದ್ದರೆ ಆಗುವುದೆಲ್ಲ ಆ ಕೆಲವು ಮಾರುಗಳೊಳಗೇ ಆಗಬೇಕು.

ಇಂಥ ಇಕ್ಕಟ್ಟು ಬೇರೆ ಕೆಲಸಗಳಲ್ಲೂ ಇದೆ. ಆಸ್ಟ್ರೇಲಿಯಾದ ಉತ್ತರದ ದೊಡ್ಡ ದನದ ಹುಲ್ಲುಗಾವಲುಗಳಲ್ಲಿ ಇಬ್ಬರು ಕೂರುವ ಪುಟ್ಟ ಹೆಲಿಕಾಪ್ಟರಿನಲ್ಲಿ ದನ ಅಟ್ಟುತ್ತಾರೆ. ಹಿಂಡು ಬೆದರಿ ದೊಡ್ಡಿಯ ಕಡೆ ತಿರುಗಬೇಕಾದರೆ ಮರದ ತಲೆ ಸವರುವಷ್ಟು ಕೆಳಗೆ ಹಾರಬೇಕು. ಮೇಲೆ ಹಾರುವಾಗ ಎಂಜಿನ್ ನಿಂತರೂ ರೆಕ್ಕೆ ಗಾಳಿಗೆ ತಾನೇ ತಿರುಗುತ್ತ ನಿಧಾನವಾಗಿ ಇಳಿಸೀತು. ಅಷ್ಟು ಕೆಳಗೆ ಅದಕ್ಕೆ ಎತ್ತರವೂ ಇಲ್ಲ, ಸಮಯವೂ ಇಲ್ಲ. ತಂತಿಗೆ ತಗುಲಿ ಬಿದ್ದವೂ ಇವೆ. ಕೆಲಸ ಕೈಗೂಡುವ ಎತ್ತರವೂ ಜೀವ ಹೋಗುವ ಎತ್ತರವೂ ಅಲ್ಲಿ ಒಂದೇ. ಯಸಳೂರಿನಲ್ಲಿ ಎತ್ತರದ ಜಾಗದಲ್ಲಿ ದೂರವನ್ನು ಇಟ್ಟು ಓದಿದರೆ ಸಾಕು.

ಎಚ್ಚರಿಕೆ ಮೊದಲೇ ಸಿಕ್ಕಿತ್ತು. ಅರ್ಜುನ ಸತ್ತ ವರ್ಷವೇ ಆಗಸ್ಟ್ 31ರಂದು, ಸಕಲೇಶಪುರವಿರುವ ಹಾಸನ ಜಿಲ್ಲೆಯದೇ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ಕೊಡಲು ಹೋದಾಗ, ಮದ್ದು ಹೊಡೆಯುವುದರಲ್ಲಿ ಹೆಸರಾಗಿದ್ದ ನುರಿತ ವ್ಯಕ್ತಿಯೊಬ್ಬರು ಆನೆಯ ಕಾಲಿಗೆ ಸಿಕ್ಕಿ ಸತ್ತರು. ನುರಿತವರೇ ಸತ್ತಾಗ ಆ ದಿನದ ದುರದೃಷ್ಟವೆಂದುಕೊಳ್ಳುವುದು ಸುಲಭ. ಸುಮಾರು ಮೂರು ತಿಂಗಳಲ್ಲಿ ಎರಡನೆಯ ಸಾವು ಬಂದ ಮೇಲೂ ಹಾಗೆನ್ನಲು ನನ್ನಿಂದಾಗದು.

ಈ ಸೀಮೆಗೆ ಆನೆ ಅಟ್ಟುವುದು ಹೊಸತಲ್ಲ. ಕಾಡಾನೆಗಳ ಹಿಂಡನ್ನು ಅಟ್ಟಿ ದೊಡ್ಡಿಗೆ ಕೂಡುವ ಕಾಕನಕೋಟೆಯ ಖೆಡ್ಡಾ ಜಗತ್ತಿಗೇ ಗೊತ್ತಿತ್ತು. 1937ರ ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ರಾಬರ್ಟ್ ಫ್ಲಾಹರ್ಟಿ ಕ್ಯಾಮೆರಾ ಹೊತ್ತು ಮೈಸೂರು ಸೀಮೆಗೆ ಬಂದ, ಕಾರಾಪುರದ ಹುಡುಗ ಸಾಬು ಅದರಿಂದ ಹಾಲಿವುಡ್ಡಿಗೇ ಹೋದ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಆ ಜಾಗದ ಮೇಲೆ ಕಬಿನಿ ಹಿನ್ನೀರು ಏರಿತು. ಖೆಡ್ಡಾವನ್ನು ನಾನು ಹೊಗಳುತ್ತಿಲ್ಲ. ಮರಿಗಳು ತುಳಿತಕ್ಕೆ ಸಿಕ್ಕಿದ್ದು, ಹಗ್ಗ ಉಜ್ಜಿ ಕಾಲು ಹುಣ್ಣಾದದ್ದು, ಇದನ್ನೆಲ್ಲ ಅತಿಥಿಗಳು ಅಟ್ಟಣೆಯ ಮೇಲೆ ಕೂತು ನೋಡಿದ್ದು, ಯಾವುದನ್ನೂ ಮರೆಯುವಂತಿಲ್ಲ. ಆದರೆ ಒಂದು ವಿಷಯದಲ್ಲಿ ಅದು ಇಂದಿನದಕ್ಕಿಂತ ಜಾಣತನದ್ದು. ಜಾಗವನ್ನು ತಿಂಗಳುಗಟ್ಟಲೆ ಮೊದಲೇ ಸಜ್ಜುಮಾಡುತ್ತಿದ್ದರು. ಹಿಂಡು ಇವತ್ತು ಹೊಳೆ ದಾಟದಿದ್ದರೆ ನಾಳೆ ನೋಡೋಣವೆನ್ನಲು ಅಲ್ಲಿ ಬಿಡುವಿತ್ತು. ಇಂದು ಆನೆ ನಿಂತ ಕಡೆಯೇ ಅಖಾಡ. ಅರ್ಜುನ ಕೂಡ 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲೇ ಸೆರೆಯಾದವನು.

ಹಿಡಿಯುವುದೇ ಬೇಡವೆನ್ನಲು ನನಗೆ ಬಾಯಿಲ್ಲ. ಕೆ.ಆರ್. ನಗರದ ಗದ್ದೆಬಯಲಿನಲ್ಲಿ ಕೂತು ಹಾಗೆನ್ನಬಹುದು, ಕಾಡು ಅಲ್ಲಿಗೆ ದೂರ. ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚಿನಲ್ಲಿ ಹೊಗೆಸೊಪ್ಪು, ಜೋಳ, ರಾಗಿ ಹಾಕಿದವನು ರಾತ್ರಿಯಿಡೀ ಪಟಾಕಿ ಹಿಡಿದು ಅಟ್ಟಣೆಯಲ್ಲಿ ಕಾಯುತ್ತಾನೆ. ಅವನ ಸಿಟ್ಟು ಸುಳ್ಳಲ್ಲ. ಕಂದಕ ತೋಡಿದ್ದಾಯಿತು, ರೈಲು ಕಂಬಿಯ ಬೇಲಿ ಹಾಕಿದ್ದಾಯಿತು. 2018ರ ಡಿಸೆಂಬರಿನಲ್ಲಿ ವೀರನಹೊಸಹಳ್ಳಿ ಬಳಿ ಆ ಬೇಲಿ ದಾಟಲು ಹೋದ ಸಲಗವೊಂದು ಕಂಬಿಗೆ ಸಿಕ್ಕಿಕೊಂಡೇ ಸತ್ತಿತು. ಬೇಲಿ ತಡೆಯದ ಆನೆಯನ್ನು ಒಂದಲ್ಲ ಒಂದು ದಿನ ಹಿಡಿಯಲೇಬೇಕಾಗುತ್ತದೆ.

ನನ್ನ ತಕರಾರು ಹಿಡಿಯುವುದರ ಮೇಲಲ್ಲ, ನಿಲ್ಲಿಸುವುದರ ಮೇಲೆ. ಊರಿನವರ ಒತ್ತಡ, ಮೇಲಿನವರ ಫೋನು, ಸುತ್ತ ಮೊಬೈಲ್ ಹಿಡಿದ ಜನ, ಇವೆಲ್ಲ ಕಾರ್ಯಾಚರಣೆಯನ್ನು ಮುಂದಕ್ಕೆ ನೂಕುವಂಥವು. ಹಿಂದಕ್ಕೆ ಎಳೆಯಬಲ್ಲವನು ಆನೆಯ ಹೆಗಲ ಮೇಲಿರುವ ಮಾವುತನೊಬ್ಬನೇ. ನಮ್ಮ ಶಿಬಿರಗಳಲ್ಲಿ ಈ ಕೆಲಸ ಮಾಡುವವರಲ್ಲಿ ಜೇನುಕುರುಬರು ಬಹಳ. ತನ್ನ ಆನೆ ಇವತ್ತು ಸರಿಯಿಲ್ಲವೆಂಬುದು, ಎದುರಿನ ಸಲಗ ಕಿವಿ ಅಗಲಿಸಿದ್ದು ಬೆದರಿಕೆಗೋ ನುಗ್ಗುವುದಕ್ಕೋ ಎಂಬುದು ಅವನಿಗೆ ಗೊತ್ತಾಗುವಷ್ಟು ಬೇಗ ಇನ್ನೊಬ್ಬರಿಗೆ ಗೊತ್ತಾಗದು. ಅವನು ‘ಇವತ್ತು ಬೇಡ’ ಎಂದರೆ ಜೀಪುಗಳು ತಿರುಗಬೇಕು, ಕಾರಣ ಕೇಳದೆ. ಅಂಬಾರಿಗೆ ಎಳೆದ 60ರ ಗೆರೆಯನ್ನು ಕಾರ್ಯಾಚರಣೆಗೂ ಎಳೆಯಬೇಕು. ಎಳೆದರೆ ಹೊಸ ಆನೆಗಳನ್ನು, ಹೊಸ ಮಾವುತರನ್ನು ಈಗಲೇ ಪಳಗಿಸಬೇಕಾಗುತ್ತದೆ, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಮತ್ತಿಗೋಡು ಶಿಬಿರದ ಅಭಿಮನ್ಯುವೂ 60ರ ಹೊಸ್ತಿಲಿಗೆ ಬಂದಿದ್ದಾನೆ. ಹುಲಿಯಿರಲಿ ಆನೆಯಿರಲಿ, ದೊಡ್ಡ ಕಾರ್ಯಾಚರಣೆ ಎಂದೊಡನೆ ಇಂದಿಗೂ ಮೊದಲು ಬರುವ ಹೆಸರು ಅವನದೇ.